ಇಮಾಮಸಾಬರ ಟರ್ಬೋ ಕಾರಿಗೆ ಪೆಟ್ರೋಲ್ ಸಾಲದಾದಾಗ

1977ರಲ್ಲಿ ನಾನು ವಿಜಾಪುರದ ಜೋರಾಪುರ ಪೇಟೆಯಲ್ಲಿ ಹತ್ತು ಅಡಿ ಅಗಲದ ಒಂದು ಗ್ಯಾರೇಜು ಇಟ್ಟುಕೊಂಡಿದ್ದೆ. ಸ್ಟೇಷನ್ ರಸ್ತೆಯ ದೊಡ್ಡ ವರ್ಕ್‌ಶಾಪಿನಲ್ಲಿ ಒಂಬತ್ತು ವರ್ಷ ದುಡಿದು, ಆಗಷ್ಟೇ ಸ್ವಂತ ಬೋರ್ಡು ಹಾಕಿದ್ದೆ. ವಯಸ್ಸು ಇಪ್ಪತ್ತೊಂಬತ್ತು. ನನ್ನ ಕೆಲಸ ಟ್ಯೂನಿಂಗ್: ಕಾರ್ಬ್ಯುರೇಟರ್ ಬಿಚ್ಚಿ ತೊಳೆಯುವುದು, ಜೆಟ್ ಬದಲಿಸುವುದು, ಕಿಡಿ ಹಾರುವ ಟೈಮಿಂಗ್ ಹೊಂದಿಸುವುದು. ಇಂಜಿನ್ನಿನ ಸದ್ದು ಕೇಳಿಯೇ ಯಾವ ಸಿಲಿಂಡರ್ ಸೊರಗಿದೆ ಎಂದು ಹೇಳುತ್ತಿದ್ದೆ. ಊರಿನ ಡ್ರೈವರುಗಳು ನನ್ನನ್ನು ‘ಟ್ಯೂನಿಂಗ್ ಭೀಮು’ ಎಂದು ಕರೆಯುತ್ತಿದ್ದರು. ಆ ಹೆಸರು ನನ್ನ ತಲೆಗೇರಿತ್ತು ಎಂಬುದನ್ನು ಈಗ ಒಪ್ಪಿಕೊಳ್ಳಲು ಸಂಕೋಚವಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಎತ್ತರದ ಮುದುಕರೊಬ್ಬರು ಹಳೆಯ ಕಂಬಳಿಯಲ್ಲಿ ಏನೋ ಸುತ್ತಿಕೊಂಡು ಬಂದರು. ತಿಕೋಟಾದ ಇಮಾಮಸಾಬರು. ವಾಯುಪಡೆಯಲ್ಲಿ ಇಂಜಿನ್ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಕಂಬಳಿ ಬಿಚ್ಚಿದರೆ ಬಸವನಹುಳುವಿನ ಚಿಪ್ಪಿನಂಥ ಎರಡು ಕಬ್ಬಿಣದ ಸುರುಳಿಗಳು, ನಡುವೆ ಒಂದು ಸಣ್ಣ ಶಾಫ್ಟು. ಕಲ್ಲಿನ ಕ್ವಾರಿಯ ಯಾವುದೋ ಡೀಸೆಲ್ ಇಂಜಿನ್ನಿನಿಂದ ಬಂದು ಗುಜರಿ ಸೇರಿದ್ದ ಟರ್ಬೋಚಾರ್ಜರ್. ನಾನು ಅದನ್ನು ಪುಸ್ತಕದಲ್ಲಿ ಮಾತ್ರ ನೋಡಿದ್ದೆ.

ಅವರು ಒಂದು ಸುರುಳಿಯ ಬಾಯಿಗೆ ತುಟಿ ಹಚ್ಚಿ ಮೆಲ್ಲಗೆ ಊದಿದರು. ಒಳಗಿನ ಚಕ್ರ ಸದ್ದಿಲ್ಲದೆ ತಿರುಗಿತು, ಉಸಿರು ನಿಂತ ಮೇಲೂ ಬಹಳ ಹೊತ್ತು ತಿರುಗುತ್ತಲೇ ಇತ್ತು.

“ನೋಡಪಾ, ಇಂಜಿನ್ ಬಿಟ್ಟ ಹೊಗಿ ಇದನ್ನ ತಿರಗಸತೈತಿ. ಆ ಕಡೆ ಇನ್ನೊಂದು ಚಕ್ರ ಹೊಸಾ ಗಾಳಿ ಎಳಕೊಂಡು ಇಂಜಿನ್ನಿಗೆ ತುರಕತೈತಿ. ಬಿಟ್ಟ ಉಸಿರಿಲೆ ಹೊಸಾ ಉಸಿರು. ಹಿಮದ ಗುಡ್ಡದಾಗ ಗಾಳಿ ಸಾಲದ ಇಂಜಿನ್ ಒದ್ದಾಡತಿದ್ವು. ಇಂಥದೊಂದು ಇದ್ದದ್ದು ಮಾತ್ರ ಹಾಡಿಕೋತ ಮ್ಯಾಲೆ ಹೋಗತಿತ್ತು.”

“ಇದನ್ನ ಯಾವ ಗಾಡಿಗೆ ಕೂಡಸೂದು ಚಾಚಾ?”

“ನನ್ನ ಕಾರಿಗೆ. ಒಮ್ಮೆ ನಾನ ಕಟ್ಟಿ ಓಡಿಸಿ ನೋಡಬೇಕಂತ ಇಪ್ಪತ್ತು ವರ್ಷದ ಕನಸು. ಈಗ ನೋಡು.” ಅವರು ಎರಡೂ ಕೈ ಮುಂದೆ ಚಾಚಿದರು. ಬೆರಳುಗಳು ಜೋಳದ ಗರಿಯಂತೆ ನಡುಗುತ್ತಿದ್ದವು. “ತಲಿ ನಂದು, ಕೈ ನಿಂದು. ಆಗತೈತೇನು?”

ಆಗುವುದಿಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ.

ಅಂದಿನಿಂದ ಪ್ರತಿ ಭಾನುವಾರ ಬೆಳಗಿನ ಬಸ್ಸಿಗೆ ತಿಕೋಟಾಕ್ಕೆ ಹೋಗತೊಡಗಿದೆ. ಮನೆಯ ಅಂಗಳದಲ್ಲಿ ಬೇವಿನ ಮರದ ಕೆಳಗೆ ಅವರ ಬೂದು ಬಣ್ಣದ ಕಾರು ನಿಂತಿರುತ್ತಿತ್ತು. ಒಂದೂವರೆ ಲೀಟರಿನ ನಾಲ್ಕು ಸಿಲಿಂಡರ್ ಪೆಟ್ರೋಲ್ ಇಂಜಿನ್. ಮನೆಯಲ್ಲಿ ಅವರೂ ಮಗಳು ನೂರಜಹಾನಳೂ ಇಬ್ಬರೇ. ಆಕೆ ಊರಿನ ಸಾಲೆಯಲ್ಲಿ ಟೀಚರು, ಮೂವತ್ತರ ಆಸುಪಾಸು. ಕಾರು ಓಡಿಸಲು ತಂದೆಯಿಂದಲೇ ಕಲಿತಿದ್ದಳು. ನಾವು ಮಾಡುತ್ತಿದ್ದ ಪ್ರತಿಯೊಂದು ಅಳತೆಯನ್ನೂ ಒಂದು ನೋಟುಪುಸ್ತಕದಲ್ಲಿ ಬರೆದಿಡುವುದು ಅವಳ ಕೆಲಸ.

ಮಧ್ಯಾಹ್ನದ ಹೊತ್ತಿಗೆ ಮಲ್ಲಪ್ಪನವರು ಬಂದು ಕಟ್ಟೆಯ ಮೇಲೆ ಕೂಡುತ್ತಿದ್ದರು. ಊರ ಹೊರಗೆ ಅವರದೊಂದು ಸಣ್ಣ ಪೆಟ್ರೋಲ್ ಪಂಪು. ಇಮಾಮಸಾಬರೂ ಅವರೂ ಒಂದೇ ಸಾಲೆಯಲ್ಲಿ ಓದಿದವರು, ಒಂದೇ ಬಾವಿಯಲ್ಲಿ ಈಜು ಕಲಿತವರು. ಟರ್ಬೋ ಹಾಕಿದ ಇಂಜಿನ್ನಿನಲ್ಲಿ ಕಡಿಮೆ ಆಕ್ಟೇನಿನ ಪೆಟ್ರೋಲ್ ಕಿಡಿಗೂ ಮೊದಲೇ ತನ್ನಷ್ಟಕ್ಕೆ ಸಿಡಿಯುತ್ತದೆ, ಒಳಗೆ ಸುತ್ತಿಗೆಯಿಂದ ಬಡಿದಂತೆ ಸದ್ದು ಬರುತ್ತದೆ. ಅದನ್ನು ಕೇಳಿದ ಮಲ್ಲಪ್ಪನವರು ತಾವಾಗಿಯೇ ಸೊಲ್ಲಾಪುರಕ್ಕೆ ಹೋಗಿ, ಹೆಚ್ಚು ಆಕ್ಟೇನಿನ ಪೆಟ್ರೋಲ್ ಒಂದು ಬ್ಯಾರಲ್ ತಂದಿಟ್ಟಿದ್ದರು.

ಕೆಲಸ ಒಂದೊಂದಾಗಿ ಮುಗಿಯಿತು. ಸಿಲಿಂಡರುಗಳ ಮುಚ್ಚಳವಾದ ಹೆಡ್ಡಿನ ಕೆಳಗೆ ದಪ್ಪ ತಾಮ್ರದ ಗ್ಯಾಸ್ಕೆಟ್ ಹಾಕಿ ಒಳಗಿನ ಒತ್ತಡ ಕೊಂಚ ಇಳಿಸಿದೆವು. ಟೈಮಿಂಗ್ ಆರು ಡಿಗ್ರಿ ಹಿಂದಕ್ಕೆ ತಂದೆವು. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಹಾಯುವ ಮುಖ್ಯ ಜೆಟ್ಟನ್ನು 115ರಿಂದ 135ಕ್ಕೆ ಏರಿಸಿದೆವು. ಗಾಳಿ ಹೆಚ್ಚಾದಷ್ಟೂ ಪೆಟ್ರೋಲೂ ಹೆಚ್ಚಬೇಕಲ್ಲ. ಗಾಳಿಯ ಒತ್ತಡ ಐದು ಪೌಂಡ್ ದಾಟಿದರೆ ತಾನೇ ತೆರೆಯುವ ಸ್ಪ್ರಿಂಗ್ ವಾಲ್ವ್ ಒಂದನ್ನು ಕೂಡಿಸಿದೆವು. ಡ್ಯಾಶ್‌ಬೋರ್ಡಿನ ಮೇಲೆ ಎರಡು ಗೇಜು: ಒಂದು ಗಾಳಿಯ ಒತ್ತಡಕ್ಕೆ, ಇನ್ನೊಂದು ಪೆಟ್ರೋಲಿನ ಒತ್ತಡಕ್ಕೆ.

ಈ ಎರಡನೆಯದರಲ್ಲೇ ಇಡೀ ಕಥೆ ಇದೆ. ಟರ್ಬೋ ಗಾಳಿಯನ್ನು ಕಾರ್ಬ್ಯುರೇಟರಿನ ಮೂಲಕವೇ ನೂಕುತ್ತದೆ. ಹಾಗಾಗಿ ಪೆಟ್ರೋಲ್ ತುಂಬಿರುವ ಅದರ ಬಟ್ಟಲಿನೊಳಗೂ ಅದೇ ಐದು ಪೌಂಡ್ ಒತ್ತಡ ಇರುತ್ತದೆ. ಕಾರಿನ ಮೂಲ ಪಂಪು ಪೆಟ್ರೋಲನ್ನು ನೂಕುವುದು ಮೂರೇ ಪೌಂಡಿನಿಂದ. ಐದು ಪೌಂಡಿನ ಬಾಗಿಲನ್ನು ಮೂರು ಪೌಂಡಿನ ಕೈ ತೆರೆಯಲಾರದು. ಎಂಟು ಪೌಂಡಾದರೂ ಬೇಕು. ಎರಡು ವಿದ್ಯುತ್ ಪಂಪುಗಳನ್ನು ಒಂದರ ಹಿಂದೊಂದು ಜೋಡಿಸುವುದೆಂದು ಇಮಾಮಸಾಬರು ಹೇಳಿದ್ದರು. ನಾನು ಪುಣೆಗೆ ಬರೆದಿದ್ದೆ. ಪಂಪುಗಳು ಬರಲಿಲ್ಲ. ಡಿಸೆಂಬರ್ ಬಂತು. ನನಗೆ ತಾಳ್ಮೆ ಉಳಿದಿರಲಿಲ್ಲ. ಹಳೆಯ ಪಂಪನ್ನೇ ಬಿಚ್ಚಿ, ಒಳಗಿನ ಸ್ಪ್ರಿಂಗಿಗೆ ಎರಡು ವಾಷರ್ ಕೊಟ್ಟು ಬಿಗಿ ಮಾಡಿದೆ. ಕಾರು ನಿಂತಲ್ಲೇ ಇಂಜಿನ್ ಚಾಲೂ ಮಾಡಿದಾಗ ಗೇಜು ನಾಲ್ಕು ತೋರಿಸಿತು. ಓಟದಲ್ಲಿ ಹೇಗೋ ಸಾಲುತ್ತದೆ ಎಂದುಕೊಂಡೆ.

“ಪೆಟ್ರೋಲ್ ಪಂಪಿನ ಕೆಲಸ ಆತೇನು ಭೀಮು?” ಇಮಾಮಸಾಬರು ಕೇಳಿದರು.

“ಆಗೇತಿ ಚಾಚಾ,” ಎಂದೆ.

ಮರು ಭಾನುವಾರ ಬೆಳಿಗ್ಗೆ ಬಬಲೇಶ್ವರದ ಹಾದಿ ಹಿಡಿದೆವು. ಸ್ಟೀಯರಿಂಗ್ ನನ್ನ ಕೈಯಲ್ಲಿ. ಪಕ್ಕದಲ್ಲಿ ಗೇಜು ನೋಡುತ್ತ ನೂರಜಹಾನ್. ಹಿಂದಿನ ಸೀಟಿನಲ್ಲಿ ಇಮಾಮಸಾಬರು ಕಣ್ಣು ಮುಚ್ಚಿ, ಕಿವಿಯೊಂದನ್ನೇ ತೆರೆದು ಕೂತಿದ್ದರು. ಎರಡೂ ಕಡೆ ಕರಿಮಣ್ಣು, ಹೊಡೆ ಬಿಚ್ಚುತ್ತಿದ್ದ ಬಿಳಿಜೋಳ, ಅದರ ಮೇಲೆ ತೆಳ್ಳಗೆ ಮಲಗಿದ ಮಂಜು.

ಟರ್ಬೋ ನಮ್ಮ ಇಂಜಿನ್ನಿಗೆ ದೊಡ್ಡದು. ಏಳಲು ತಡ ಮಾಡಿತು. ಮೂರನೇ ಗೇರಿನಲ್ಲಿ ಕಾಲು ಒತ್ತಿ ಹಿಡಿದೆ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಎಲ್ಲೋ ದೂರದಲ್ಲಿ ಯಾರೋ ಕೊಳಲಿಗೆ ತುಟಿ ಇಟ್ಟಂತೆ ಒಂದು ಎಳೆ ಸದ್ದು. ಅದು ಏರಿತು, ಇನ್ನೂ ಏರಿತು. ಯಾರೋ ಬೆನ್ನಿಗೆ ಅಂಗೈ ಹಚ್ಚಿ ಮೃದುವಾಗಿ ನೂಕಿದಂತೆ ಕಾರು ಮುಂದಕ್ಕೆ ಜಾರಿತು. ನೆಲದ ಒರಟು ಮಾಯವಾಯಿತು. ಜೋಳದ ಹೊಲಗಳು ನೀರಿನ ಹಾಗೆ ಹರಿದು ಹಿಂದೆ ಹೋದವು. ಇಂಜಿನ್ನಿನ ಸದ್ದನ್ನು ಅಳೆಯುವುದನ್ನೇ ನನ್ನ ಕಿವಿ ಮರೆತುಬಿಟ್ಟಿತ್ತು. ಹಿಂದಿನಿಂದ ಇಮಾಮಸಾಬರ ದನಿ ನಿದ್ದೆಯಲ್ಲಿ ಮಾತಾಡಿದಂತೆ ಕೇಳಿತು: “ಹೌದು... ಇದ... ಇದ ಸದ್ದು.”

ಆ ಕನಸು ಮೂರು ಕಿಲೋಮೀಟರ್ ನಡೆಯಿತು.

ಮೊದಲು ತಗಡಿನ ಡಬ್ಬಿಯಲ್ಲಿ ಕಲ್ಲು ಅಲುಗಿದಂತಾಯಿತು. ಕಾಲು ತೆಗೆಯುವಷ್ಟರಲ್ಲಿ ಟಪ್ಪೆಂದಿತು. ಹಿಂದೆ ಬಿಳಿಹೊಗೆ ತುಂಬಿಕೊಂಡಿತು. ಕಾರು ಕುಂಟುತ್ತ ಹೋಗಿ ಒಂದು ಬನ್ನಿಗಿಡದ ಹತ್ತಿರ ನಿಂತಿತು. ಅಲ್ಲಿಂದ ಎತ್ತಿನ ಜೋಡಿ ಕಟ್ಟಿ ತಿಕೋಟಾಕ್ಕೆ ಎಳೆದು ತಂದೆವು. ಸಂಜೆಯೊಳಗೆ ಹೆಡ್ ಬಿಚ್ಚಿದೆ. ಮೂರನೇ ಪಿಸ್ಟನ್ನಿನ ತಲೆಯಲ್ಲಿ ಕಿರುಬೆರಳು ತೂರುವಷ್ಟು ತೂತು, ಅಂಚು ಮೇಣದಂತೆ ಕರಗಿತ್ತು. ಗಾಳಿ ಹೆಚ್ಚಿ ಪೆಟ್ರೋಲ್ ಕಡಿಮೆಯಾದರೆ ಉರಿ ವಿಪರೀತ ಕಾಯುತ್ತದೆ, ಅಲ್ಯುಮಿನಿಯಂ ಕರಗುತ್ತದೆ. ನೋಡಿದ ಕೂಡಲೇ ನನಗೆ ಅರ್ಥವಾಗಿತ್ತು.

ಇಮಾಮಸಾಬರು ಕರಗಿದ ಪಿಸ್ಟನ್ನನ್ನು ನಡುಗುವ ಅಂಗೈಯಲ್ಲಿ ಹಿಡಿದು ಕೇಳಿದರು, “ಯಾಕ ಹಿಂಗಾತು?”

ಮಲ್ಲಪ್ಪನವರೂ ಅಲ್ಲೇ ನಿಂತಿದ್ದರು. ನನ್ನ ಬಾಯಿಂದ ಬಂದ ಮಾತು ಇದು: “ಪೆಟ್ರೋಲಿನಾಗ ರಾಕೇಲ್ ಬೆರೆತಂಗ ಕಾಣತೈತಿ ಚಾಚಾ.”

ರಾಕೇಲ್ ಎಂದರೆ ಸೀಮೆಎಣ್ಣೆ. ಬೆರೆತರೆ ಆಕ್ಟೇನ್ ಇಳಿದು ಇದೇ ಬಗೆಯ ಕೇಡಾಗುವುದು ನಿಜ. ಅದಕ್ಕೇ ನನ್ನ ಸುಳ್ಳು ನಿಂತಿತು. ಮಲ್ಲಪ್ಪನವರು ಒಮ್ಮೆ ನನ್ನನ್ನು ನೋಡಿದರು, ಒಮ್ಮೆ ಗೆಳೆಯನನ್ನು. “ಇಮಾಮ, ನಾ ನಿನಗ ಅಂಥಾದ್ದು ತಂದೇನೇನು?” ಎಂದರು. ಇಮಾಮಸಾಬರು ತಲೆ ಎತ್ತಲಿಲ್ಲ. ಮಲ್ಲಪ್ಪನವರು ಕಟ್ಟೆಯ ಮೇಲಿನ ತಮ್ಮ ಟೋಪಿ ತೆಗೆದುಕೊಂಡು ಹೊರಟುಹೋದರು.

ಮುಂದಿನ ಭಾನುವಾರ ನಾನು ಹೋಗಲಿಲ್ಲ. ಗ್ಯಾರೇಜಿಗೆ ಬಂದ ತಿಕೋಟಾದ ಟೆಂಪೋ ಡ್ರೈವರೊಬ್ಬ ಸುದ್ದಿ ತಂದ. ಮಲ್ಲಪ್ಪನ ಪಂಪಿನಲ್ಲಿ ಕಲಬೆರಕೆ ಎಂಬ ಮಾತು ಊರಲ್ಲಿ ಹಬ್ಬಿದೆ, ಲಾರಿಯವರು ನಿಲ್ಲಿಸುತ್ತಿಲ್ಲ. ಇಬ್ಬರು ಮುದುಕರೂ ಎದುರು ಸಿಕ್ಕರೆ ಮುಖ ತಿರುಗಿಸಿ ನಡೆಯುತ್ತಾರಂತೆ. ಆ ದಿನ ನನ್ನ ಕೈಯಲ್ಲಿದ್ದ ಕಾರ್ಬ್ಯುರೇಟರನ್ನು ಮೂರು ಸಲ ತಪ್ಪಾಗಿ ಜೋಡಿಸಿದೆ. ಕಣ್ಣು ಮುಚ್ಚಿದರೆ ಆ ಕೊಳಲ ಸದ್ದು, ಅದರ ಕೊನೆಗೆ ಆ ಟಪ್ಪೆಂಬ ಸದ್ದು.

ಗುರುವಾರ ಗ್ಯಾರೇಜು ಮುಚ್ಚಿ ಬಸ್ಸು ಹತ್ತಿದೆ. ಇಮಾಮಸಾಬರು ಬೇವಿನ ನೆರಳಲ್ಲಿ ಕೂತಿದ್ದರು. ಚಪ್ಪಲಿ ಬಿಟ್ಟು ಎದುರು ನಿಂತೆ.

“ಚಾಚಾ, ಪೆಟ್ರೋಲ್ ಚೊಲೊ ಇತ್ತು. ಪಂಪಿನ ಕೆಲಸ ನಾ ಮಾಡಿದ್ದಿಲ್ಲ. ಹಳೇ ಪಂಪಿಗೆ ವಾಷರ್ ಕೊಟ್ಟು ಆಗೇತಿ ಅಂತ ಸುಳ್ಳು ಹೇಳಿದೆ. ಆಮ್ಯಾಲ ಮತ್ತೊಂದು ಸುಳ್ಳು ಹೇಳಿದೆ.”

ಬಾಗಿಲಲ್ಲಿ ನಿಂತಿದ್ದ ನೂರಜಹಾನ್ ಒಳಗೆ ಹೋಗಿ ನೋಟುಪುಸ್ತಕ ತಂದಳು. ಕೊನೆಯ ಪುಟ ತೆಗೆದು ನನ್ನ ಮುಂದೆ ಹಿಡಿದಳು. ಆ ಬೆಳಗಿನ ಕೊನೆಯ ಸಾಲು: ಗಾಳಿ ಐದು, ಪೆಟ್ರೋಲ್ ನಾಲ್ಕು.

“ಅವತ್ತ ಬರಕೊಂಡೆ, ಅರ್ಥ ಆಗಿದ್ದಿಲ್ಲ. ಎರಡ ದಿನಾ ಬಿಟ್ಟು ತಿಳೀತು,” ಎಂದಳು. “ನೀವ ಬಂದು ಹೇಳಲಿ ಅಂತ ಕಾದೆ ಮಿಸ್ತ್ರಿ. ನಾ ಹೇಳಿದ್ರ ಅಬ್ಬಾ ನಿಮ್ಮನ್ನ ಮತ್ತ ಈ ಅಂಗಳದಾಗ ಕಾಲಿಡಾಕ ಬಿಡತಿದ್ದಿಲ್ಲ. ನಾಳಿ ಶುಕ್ರವಾರತನಕ ನೋಡಾಕಿ ಇದ್ದೆ. ಆಮ್ಯಾಲ ಮಲ್ಲಪ್ಪ ಕಾಕಾನ ಸಲುವಾಗಿ ನಾನ ಹೇಳತಿದ್ದೆ.”

ಇಮಾಮಸಾಬರು ಗೋಡೆ ಹಿಡಿದು ಎದ್ದರು. “ನನ್ನ ಮುಂದ ಹೇಳಿದ್ದು ಸಾಲೂದಿಲ್ಲ. ನಡಿ.”

ಪೆಟ್ರೋಲ್ ಪಂಪಿನಲ್ಲಿ ಅವತ್ತು ನಾಲ್ಕೈದು ಜನ ಇದ್ದರು. ಅವರೆಲ್ಲರ ಎದುರಿಗೇ ನಾನು ಮತ್ತೊಮ್ಮೆ ಹೇಳಿದೆ, ಈ ಸಲ ದನಿ ಎತ್ತರಿಸಿ. ಮಲ್ಲಪ್ಪನವರು ನನ್ನತ್ತ ನೋಡಲೂ ಇಲ್ಲ. ಅವರ ಕಣ್ಣು ಗೆಳೆಯನ ಮೇಲೆ ನೆಟ್ಟಿತ್ತು.

“ಈ ಹುಡುಗ ಒಂದ ಮಾತು ಅಂದ. ಐವತ್ತು ವರ್ಷದ ಗೆಳೆಯಾ ನಾನು ನಿನಗ ಕಾಣಲಿಲ್ಲೇನು ಇಮಾಮ?”

ಇಮಾಮಸಾಬರು ನಡುಗುವ ಎರಡೂ ಕೈ ಜೋಡಿಸಿದರು. ಮಲ್ಲಪ್ಪನವರು ಆ ಕೈಗಳನ್ನು ತಟ್ಟನೆ ಹಿಡಿದು ಕೆಳಗಿಳಿಸಿ, “ಸಾಕು, ಬಿಡು. ಚಹಾ ಕುಡದು ಹೋಗು,” ಎಂದರು. ನನಗೆ ಅವರು ಚಹಾ ಕೊಟ್ಟದ್ದು ಮಾತ್ರ ಎರಡು ತಿಂಗಳ ನಂತರ.

ಆ ಎರಡು ತಿಂಗಳು ಕೆಲಸವನ್ನು ಮೊದಲಿನಿಂದ ಮಾಡಿದೆ. ಹೊಸ ಪಿಸ್ಟನ್ ಹಾಕಿದೆ. ಪುಣೆಯ ಪಂಪುಗಳು ಕೊನೆಗೂ ಬಂದವು. ಜೊತೆಗೆ ಇಮಾಮಸಾಬರು ಇನ್ನೊಂದು ಉಪಾಯ ಹೇಳಿಕೊಟ್ಟರು: ರಬ್ಬರಿನ ಪರದೆಯುಳ್ಳ ಒಂದು ಸಣ್ಣ ರೆಗ್ಯುಲೇಟರ್. ಅದರ ಒಂದು ಬದಿಗೆ ಪೆಟ್ರೋಲ್, ಇನ್ನೊಂದು ಬದಿಗೆ ಟರ್ಬೋದಿಂದ ಬಂದ ಗಾಳಿಯ ಕೊಳವೆ. ಗಾಳಿ ಎಷ್ಟೇ ಏರಲಿ, ಪೆಟ್ರೋಲಿನ ಒತ್ತಡ ಅದಕ್ಕಿಂತ ಮೂರು ಪೌಂಡ್ ಮೇಲೆಯೇ ಇರುತ್ತದೆ; ಹೆಚ್ಚಾದ ಪೆಟ್ರೋಲ್ ಬೇರೊಂದು ಪೈಪಿನಿಂದ ಟ್ಯಾಂಕಿಗೆ ಮರಳುತ್ತದೆ. ಅದನ್ನು ನಾನು ಲೇಥಿನ ಮೇಲೆ ನಾಲ್ಕು ಸಲ ಕಡೆದೆ. ಮೊದಲ ಮೂರನ್ನು ನಾನೇ ಬಿಸಾಡಿದೆ.

ಫೆಬ್ರವರಿಯ ಒಂದು ಬೆಳಿಗ್ಗೆ ಮತ್ತೆ ಹೊರಟೆವು. ಈ ಸಲ ಓಡಿಸಿದ್ದು ನೂರಜಹಾನ್. ಗೇಜಿನ ಮುಂದೆ ನಾನು. ಹಿಂದಿನ ಸೀಟಿನಲ್ಲಿ ಇಬ್ಬರು ಗೆಳೆಯರು. ಕುಸುಬಿ ಹೂ ಬಿಟ್ಟ ಹೊಲಗಳ ನಡುವೆ ಆ ಎಳೆ ಸದ್ದು ಮತ್ತೆ ಎದ್ದಿತು. ನಾನು ಎರಡು ಮುಳ್ಳುಗಳಿಂದ ಕಣ್ಣು ಕೀಳಲಿಲ್ಲ. ಗಾಳಿ ಮೂರು, ಪೆಟ್ರೋಲ್ ಆರು. ಗಾಳಿ ಐದು, ಪೆಟ್ರೋಲ್ ಎಂಟು. ಬಬಲೇಶ್ವರ ಬಂತು, ಹೋಯಿತು. ಕಾಖಂಡಕಿಯ ಹಾದಿಯಲ್ಲಿ ಹಿಂತಿರುಗಿ ನೋಡಿದೆ. ಇಮಾಮಸಾಬರು ಮುಂದಿನ ಸೀಟಿನ ಬೆನ್ನಿಗೆ ಅಂಗೈ ಊರಿದ್ದರು. ಇಡೀ ಕಾರೇ ಸಣ್ಣಗೆ ಕಂಪಿಸುತ್ತಿತ್ತು, ಹಾಗಾಗಿ ಆ ಕೈಯೊಂದೇ ನಡುಗುತ್ತಿದೆ ಎಂದು ಅನಿಸುತ್ತಿರಲಿಲ್ಲ. ಮಲ್ಲಪ್ಪನವರು ಕಿಟಕಿಯ ಗಾಳಿಗೆ ಟೋಪಿ ಹಾರದಂತೆ ಒತ್ತಿ ಹಿಡಿದು ಮಗುವಿನಂತೆ ನಗುತ್ತಿದ್ದರು. ಆ ಅರ್ಧ ಗಂಟೆ ನಿಜವಾಗಿ ನಡೆಯಿತೋ, ನಾನೇ ಕಂಡ ಕನಸೋ ಎಂದು ಈಗಲೂ ಕೆಲವೊಮ್ಮೆ ಅನುಮಾನವಾಗುತ್ತದೆ.

ಆ ಕಾರು ಎರಡು ವರ್ಷ ಹಾಗೇ ಓಡಿತು. ಆಮೇಲೆ ಟರ್ಬೋದ ಬೇರಿಂಗ್ ಸವೆಯಿತು. ಬದಲಿ ಸಿಗಲಿಲ್ಲ, ಇಮಾಮಸಾಬರೇ ಅದನ್ನು ಕಳಚಿಸಿದರು. “ಕೇಳೂದು ಕೇಳೇನಿ,” ಎಂದರು, ಅಷ್ಟೆ.

ಮುಂದೆ ಕಾರ್ಖಾನೆಯಿಂದಲೇ ಟರ್ಬೋ ಕೂಡಿಸಿಕೊಂಡು ಗಾಡಿಗಳು ಬಂದವು. ನನ್ನ ಕೈಕೆಳಗೆ ಅನೇಕರು ಟ್ಯೂನಿಂಗ್ ಕಲಿತರು. ಗಾಳಿ ಏರಿಸುವ ಮೊದಲು ಇಂಧನ ಸಾಲುತ್ತದೆಯೇ ನೋಡಿ ಎಂಬುದು ಯಾವ ಪುಸ್ತಕದಲ್ಲಾದರೂ ಸಿಗುವ ಪಾಠ. ನಾನು ಅವರಿಗೆ ಅದಕ್ಕಿಂತ ಮೊದಲು ಹೇಳುತ್ತಿದ್ದುದು ಬೇರೆ: ಕೆಲಸ ಮುಗಿಯದಿದ್ದರೆ ಮುಗಿದಿಲ್ಲ ಎನ್ನಿ. ಗಿರಾಕಿ ಕಾದರೆ ಕಾಯುತ್ತಾನೆ, ಇಲ್ಲವೇ ಬೇರೆ ಗ್ಯಾರೇಜಿಗೆ ಹೋಗುತ್ತಾನೆ. ಎರಡರಿಂದಲೂ ಯಾರ ಸ್ನೇಹವೂ ಕೆಡುವುದಿಲ್ಲ.