ಕೆಂಜಿಗದ ಕೊಟ್ಟಿಗೆಯ ನೀಲಿ ಚಿಟ್ಟೆ

ಯುಗಾದಿ ಕಳೆದ ಮೇಲೆ ಗಾವಡಗೆರೆಯಿಂದ ಮೊದಲ ಬಸ್ಸಿಗೆ ಹೊರಟೆ. ತಂಗಿಗೆ ಶಿವರಾತ್ರಿಯಿಂದ ಕೆಮ್ಮು. ಸೂಜಿಗೂ ಔಷಧಿಗೂ ಅದು ಜಗ್ಗದೆ, ಅವಳು ಪಕ್ಕೆ ಹಿಡಿದುಕೊಂಡು ಮಲಗಿಬಿಟ್ಟಿದ್ದಳು. ಮರದ ಮೇಲಿನ ಕೆಂಜಿಗದ ಗೂಡು ತಂದು, ಇರುವೆಯನ್ನು ಮೊಟ್ಟೆಸಮೇತ ಅರೆದು ಚಟ್ನಿ ತಿನ್ನಿಸಿದರೆ ಕೆಮ್ಮು ಇಳಿಯುತ್ತದೆ. ಕೊಡಗಿನ ತೋಟದಲ್ಲಿ ನನ್ನ ಜೊತೆ ಕಳೆ ತೆಗೆಯುತ್ತಿದ್ದ ಜೇನುಕುರುಬರ ಬೊಮ್ಮಿ ಹೇಳಿದ್ದಳು. ಅವಳ ಹಾಡಿ ಕೋಟೆ ಪೇಟೆಯಿಂದಾಚೆ, ಕಾಡಂಚಿನಲ್ಲಿ.

ಹುಣಸೂರಿನಲ್ಲಿ ಬಸ್ಸು ಬದಲಿಸಿದೆ. ಸೀಟಿಲ್ಲ, ಹೊಗೆಸೊಪ್ಪಿನ ಮೂಟೆಯ ಮೇಲೆ ಕುಳಿತೆ. ಕೋಟೆ ದಾಟಿ ಇಳಿದು ಎರಡು ಮೈಲಿ ನಡೆದೆ. ಮೊದಲ ಮಳೆಗೆ ಮತ್ತಿಮರಗಳು ಚಿಗುರಿದ್ದವು.

"ಇನ್ನೂ ಸತ್ತಿಲ್ವ ಅಕ್ಕ ನೀನು?" ಎಂದು ಬೊಮ್ಮಿ ನಕ್ಕಳು. ಮುದ್ದೆ ಉಂಡು ಹೊರಟೆವು. ಎಲೆಗಳನ್ನು ಹೆಣೆದು ಕಟ್ಟಿದ, ಕೈಗೆಟುಕುವ ಗೂಡೊಂದನ್ನು ನಾನೇ ತೋರಿಸಿದೆ. ಬೊಮ್ಮಿ ಕೊಂಬೆ ಬಗ್ಗಿಸಿ ಒಂದು ಎಲೆ ಬಿಡಿಸಿದಳು. ಮೊಟ್ಟೆ ಇರಲಿಲ್ಲ. ಹಸಿರು ಹುಳ ಮಲಗಿತ್ತು, ಮೈತುಂಬ ಕೆಂಜಿಗ. ತಿನ್ನುತ್ತಿವೆ ಅಂದುಕೊಂಡೆ. ತಿನ್ನುತ್ತಿರಲಿಲ್ಲ, ಮೀಸೆಯಿಂದ ಸವರುತ್ತಿದ್ದವು. ಹುಳದ ಬೆನ್ನಿನಲ್ಲಿ ಒಂದು ಹನಿ ಬಂತು. ಕುಡಿದವು.

"ಇದು ಅವುಗಳ ಕೊಟ್ಗೆ ಕಣಕ್ಕ," ಎಂದಳು ಬೊಮ್ಮಿ. "ಹಸ ಕಟ್ಕೊಂಡವೆ. ಮೊಟ್ಟೆ ಮನೆ ಬ್ಯಾರೆ."

ಪಕ್ಕದ ಎಲೆಗೆ ಹುಣಸೆಬೀಜದಂಥ ಕಂದು ಗಂಟೊಂದು ಅಂಟಿತ್ತು. ಅದು ಬಿರಿಯಿತು. ಒದ್ದೆ ಬಟ್ಟೆಯ ಹಾಗೆ ಮುದುರಿದ ರೆಕ್ಕೆ ಹೊತ್ತು ಚಿಟ್ಟೆಯೊಂದು ಕೆಂಜಿಗದ ನಡುವೆಯೇ ನಡೆದು ಬಂತು. ನನ್ನ ಕೈಯನ್ನು ಕಚ್ಚಿ ಬೊಬ್ಬೆ ಎಬ್ಬಿಸಿದ ಇರುವೆಗಳು ಅದನ್ನು ಮುಟ್ಟಲಿಲ್ಲ.

ಮೂರರ ಬಸ್ಸು ತಪ್ಪಿದರೆ ಬೆಳಿಗ್ಗೆಯೇ ಎಂದು ಬೊಮ್ಮಿ ಎಚ್ಚರಿಸಿದಳು. ತಂಗಿಯ ಕೆಮ್ಮು ಕಿವಿಯಲ್ಲಿತ್ತು. ಆದರೂ ಕಾಲು ಏಳಲಿಲ್ಲ.

"ಓಗ್ಲಿ ಬುಡು," ಎಂದೆ.

ರೆಕ್ಕೆ ನಿಧಾನವಾಗಿ ಹಿಗ್ಗಿತು. ಮುಚ್ಚಿದ್ದಾಗ ತರಗೆಲೆ. ಬಿಚ್ಚಿತು, ನೀಲಿ. ಅರ್ಧ ಅಂಗೈ ತುಂಬದ ಜೀವ, ಕಾಡೆಲ್ಲ ಅದರ ಮುಂದೆ ಮಂಕಾಯಿತು. ನಾನು ಕೈಮುಗಿದೆ. ಬೊಮ್ಮಿ ನಗಲಿಲ್ಲ. ಅದು ಹಾರಿಹೋದ ಮೇಲೆ ಬಿಡಿಸಿದ ಎಲೆಯನ್ನು ನಾರಿನಿಂದ ಕಟ್ಟಿದಳು. ಬೇರೆ ಮರದಿಂದ ಮೊಟ್ಟೆ ತುಂಬಿದ ಗೂಡು ದೋಟಿಯಲ್ಲಿ ಇಳಿಸಿ, ಬೆಂಕಿಗೆ ಬಾಡಿಸಿ, ಮುತ್ತುಗದ ಎಲೆಯಲ್ಲಿ ಕಟ್ಟಿಕೊಟ್ಟಳು. ಬಸ್ಸು ಹೋಗಿತ್ತು.

ಮಾರನೆಯ ದಿನ ಮನೆಗೆ ಬಂದಾಗ ತಂಗಿ ಇನ್ನಷ್ಟು ಸೊರಗಿದ್ದಳು. ತಡವಾದುದಕ್ಕೆ ಕಾರಣ ಹೇಳಿದೆ.

"ನಾ ಇಲ್ಲಿ ಕೆಮ್ಮಿ ಸಾಯ್ತಿವ್ನಿ, ನೀನು ಚಿಟ್ಟೆ ನೋಡ್ತಾ ಕುಂತಿದ್ಯಾ?"

ಚಟ್ನಿ ಅರೆದೆ. ಬೈಯುತ್ತಲೇ ತಿಂದಳು. ನಾಲ್ಕಾರು ದಿನಕ್ಕೆ ಕೆಮ್ಮು ಇಳಿಯಿತು. ಎದ್ದು ಗೋಡೆಗೆ ಒರಗಿ ಕುಳಿತ ದಿನ ಅವಳೇ ಕೇಳಿದಳು, ಅದು ಎಂಥ ನೀಲಿ ಎಂದು. ಬಳೆ ತೋರಿಸಹೋದೆ, ಅದಲ್ಲ. ಬಟ್ಟೆಗೆ ಹಾಕುವ ನೀಲಿ, ಅದೂ ಅಲ್ಲ. ಮನೆಯೆಲ್ಲ ಹುಡುಕಿದೆ.

ಕೊನೆಗೆ ತಂಗಿ ಹೇಳಿದಳು, "ಮುಂದಿನ್ ಸಲ ನಾನೂ ಬತ್ತೀನಿ ಕಣಕ್ಕ."