ಅಕ್ಕೋರ ಬಾಯಿಗೆ ಬರದ ಮಾತು

ಅಕ್ಕೋರ ಸೀರೆಯ ಎಡಮಗ್ಗುಲು ಯಾವಾಗಲೂ ಬೆಳ್ಳಗಿರುತ್ತಿತ್ತು. ಬೋರ್ಡಿನ ಮೇಲೆ ಬರೆದು ಬರೆದು ಸೀಮೆಸುಣ್ಣದ ಕೈಯನ್ನು ಅಲ್ಲಿಗೇ ಒರೆಸಿಕೊಳ್ಳುತ್ತಿದ್ದರು. ಕಲಿಸುವ ಹೆಂಗಸರನ್ನು ನಮ್ಮ ಕಡೆ ಅಕ್ಕೋರು ಎನ್ನುವುದು. ಇವರು ಕುಷ್ಟಗಿಯ ಕಾಲೇಜಿನಲ್ಲಿ ನಮಗೆ ತತ್ವಶಾಸ್ತ್ರ ಕಲಿಸಿದವರು. ಪಾಸಾದರೆ ಸಾಕೆಂದು ಬಂದು ಕೂತ ನಮ್ಮಂಥ ದಂಡಪಿಂಡಗಳ ಜೊತೆಗೂ ಜಗಳಕ್ಕೆ ನಿಂತವರಂತೆ ವಾದಕ್ಕಿಳಿಯುತ್ತಿದ್ದರು.

ಎಳ್ಳಮಾವಾಸ್ಯೆಗೆ ನಮ್ಮನ್ನೆಲ್ಲ ತಮ್ಮ ಹೊಲಕ್ಕೆ ಕರೆದೊಯ್ಯುವರು. ಉಣ್ಣುವ ಮೊದಲು ಜೋಳದ ಬೆಳೆಯೊಳಗೆ ಚರಗ, ಅಂದರೆ ಭೂಮಿತಾಯಿಯ ಎಡೆ, ಚೆಲ್ಲಬೇಕು. ಕಡುಬು, ಭಜ್ಜಿ, ಅನ್ನ ಎಲ್ಲ ಮಣ್ಣಿಗೆ. "ಇದನ್ನ ಯಾರು ತಿಂತಾರ್ರಿ? ಸುಮ್ನ ಹಾಳು" ಎಂದು ಒಮ್ಮೆ ಕೆಣಕಿದೆ.

"ಭೂಮಿ ಬಾಯಿ ತೆರೆಯೂದು ನಿನಗ ಕಾಣಬೇಕೇನು? ಬೆಳದು ಕೊಡ್ತಾಳಂತ ಅಷ್ಟ ಅಲ್ಲೋ, ಅಕಿ ಅದಾಳಂತ ಉಣಸೂದು" ಎಂದರು.

ಮುಂದೆ ಯಲಬುರ್ಗಾ ರಸ್ತೆ ಅಗಲ ಮಾಡುವಾಗ ತಿರುವಿನ ಹಳೇ ಹುಣಸೆಮರಕ್ಕೆ ಕಡಿಯುವ ಕೆಂಪು ಗುರುತು ಬಿತ್ತು. ಅಹವಾಲು ಸಭೆಯಲ್ಲಿ ಅಕ್ಕೋರೇ ಮಾತಾಡಬೇಕೆಂದು ಊರವರು ಹಟ ಹಿಡಿದರು. ಅಂದು ಅವರು ನೆರಳು, ಹಣ್ಣು, ತಂಪು, ಬಸ್ಸಿಗೆ ಕಾಯುವವರ ಅನುಕೂಲ ಎಂದು ಬಾಯಿಪಾಠ ಒಪ್ಪಿಸಿದಂತೆ ಹೇಳಿದರು. ಅಧಿಕಾರಿ ಒಳ್ಳೆಯ ಮನುಷ್ಯ. "ಶೆಡ್ ಕಟ್ಟಿಸ್ತೀವ್ರಿ ಅಕ್ಕೋರ, ಬದಲಿ ಸಸಿನೂ ಹಚ್ತೀವ್ರಿ" ಎಂದ. ಜನ ಚಪ್ಪಾಳೆ ತಟ್ಟಿದರು.

ತಿರುಗಿ ಬರುವಾಗ ಅಕ್ಕೋರು ನನ್ನ ಕೈ ಹಿಡಿದುಕೊಂಡರು. "ಉಪಯೋಗ ಹೇಳಿದೆ ನೋಡು, ಬದಲಿ ಕೊಟ್ಟುಬಿಟ್ರು. ಆ ಗಿಡಾ ಐತಿ, ಇರ್ಲಿ ಬಿಡ್ರಿ ಅನ್ನಬೇಕಿತ್ತು. ಮಂದಿ ನಗ್ತಾರಂತ ಅಂಜಿದೆ."

ಮರ ಉರುಳಿತು. ಜೀವಮಾನವೆಲ್ಲ ಕಲಿಸಿದ ಮಾತು ಬೇಕಾದ ಹೊತ್ತಿಗೆ ಬಾಯಿಗೆ ಬರಲಿಲ್ಲವೆಂಬ ಸಂಕಟ ಅವರನ್ನು ಬಿಡಲೇ ಇಲ್ಲ. ಶೆಡ್ ಎದ್ದ ಮೇಲಂತೂ ಆ ದಾರಿ ಬಿಟ್ಟು ಸುತ್ತು ಹಾಕಿಕೊಂಡು ಕಾಲೇಜಿಗೆ ಬರುತ್ತಿದ್ದರು.

ಹೋದ ವರ್ಷ ಕೊಪ್ಪಳದ ಆಸ್ಪತ್ರೆಯಲ್ಲಿ, ಇನ್ನು ಆಸೆಯಿಲ್ಲವೆಂದು ಡಾಕ್ಟರು ಹೇಳಿದ ಮೇಲೆ, ಅಕ್ಕೋರ ಹತ್ತಿರ ಕೂತೆ. ಎಷ್ಟು ಮಂದಿಗೆ ವಿದ್ಯೆ ಕೊಟ್ಟಿರಿ, ಎಷ್ಟು ಮನೆ ಬೆಳಗಿದಿರಿ ಎಂದು ಶುರು ಮಾಡಿದೆ. ಅವರು ಕೈಯೆತ್ತಿ ತಡೆದರು.

"ನೀನೂ ನನ್ನ ಉಪಯೋಗಾನ ಹೇಳಾಕತ್ತೀಯೇನು?"

"ಮತ್ತೇನ ಹೇಳ್ಲಿರಿ ಅಕ್ಕೋರ?"

"ಹೋಗಬ್ಯಾಡ್ರಿ ಅನ್ನು. ಅಷ್ಟ ಸಾಕು."

ಅಂದೆ. ವಾರ್ಡಿನ ಮಂದಿಯೆಲ್ಲ ತಿರುಗಿ ನೋಡುವಷ್ಟು ಜೋರಾಗಿ ಅಂದೆ. ಅವರು ಆ ಸಂಜೆಯೇ ಹೋಗಿಬಿಟ್ಟರು.