ಗಂಡಸರ ಛತ್ರಿ, ಹೆಂಗಸರ ಛತ್ರಿ

ನಾನೂ ನನ್ನ ಗಂಡನೂ ಕೆನಡಾದಲ್ಲಿ ಬಹಳ ವರ್ಷ ಒಂದೇ ಮನೆಯಲ್ಲಿ ಪಾಳಿಯ ಮೇಲೆ ವಾಸವಾಗಿದ್ದೆವು. ಅವರದು ಬೋಲ್ಟನ್ನಿನ ಗೋದಾಮಿನಲ್ಲಿ ರಾತ್ರಿ ಶಿಫ್ಟು, ನನ್ನದು ಎರಿನ್ ಮಿಲ್ಸ್ ಮಾಲಿನ ಕನ್ನಡಕದ ಅಂಗಡಿಯಲ್ಲಿ ಹಗಲು. ಮಕ್ಕಳು ಚಿಕ್ಕವರಿದ್ದಾಗ ಯಾರಾದರೊಬ್ಬರು ಮನೆಯಲ್ಲಿರಲಿ ಎಂದು ಹೀಗೆ ಹೊಂದಿಸಿಕೊಂಡದ್ದು, ಮಕ್ಕಳು ನಮಗಿಂತ ಎತ್ತರವಾದರೂ ಹಾಗೇ ಉಳಿಯಿತು. ಬೆಳಿಗ್ಗೆ ಅವರ ಕಾರು ಒಳಗೆ ಬಂದರೆ ನನ್ನದು ಹೊರಗೆ. ಮಾತೆಲ್ಲ ಫೋನಿನಲ್ಲಿ. ಹಾಲು ತಂದೀಯೇನು, ಮನಿ ಕಾಸೂ ಫರ್ನೇಸು ಸಪ್ಪಳ ಮಾಡ್ತದ, ಮಗಳ ಫೀ ಕಟ್ಟಿದೆ. ಭಾನುವಾರ ಇಬ್ಬರೂ ಮನೆಯಲ್ಲಿದ್ದರೆ ಅವರು ಮಲಗಿರುತ್ತಿದ್ದರು, ಇಲ್ಲವೇ ಯಾರದೋ ಬೇಸ್‌ಮೆಂಟಿನಲ್ಲಿ ನಮ್ಮ ಕಡೆಯವರ ಊಟವಿರುತ್ತಿತ್ತು.

ಕಿರಿಯ ಮಗಳೂ ಯೂನಿವರ್ಸಿಟಿಗೆ ಹೋದ ಮೇಲೆ, ಎರಡು ಸಾವಿರದ ಹದಿನೇಳರಲ್ಲಿ, ನಮ್ಮ ಮದುವೆಗೆ ಇಪ್ಪತ್ತೈದು ವರ್ಷ ತುಂಬಿತು. ಆಗ ನಾನು ಹಟ ಹಿಡಿದೆ. ಹುಬ್ಬಳ್ಳಿ ಬೇಡ, ಅಲ್ಲಿ ಹೋದರೆ ನಾವು ಎಲ್ಲರ ಪಾಲಿನವರು, ಒಬ್ಬರಿಗೊಬ್ಬರು ಸಿಗುವುದಿಲ್ಲ. ಗ್ರೀಸಿನ ಒಂದು ದ್ವೀಪ, ಸಮುದ್ರದ ದಂಡೆಯ ರಿಸಾರ್ಟು, ಒಂದು ವಾರ, ನಾವಿಬ್ಬರೇ. ಸಮುದ್ರ ನೋಡುವ ಆಸೆ ನನಗೆ ಅಷ್ಟೇನೂ ಇರಲಿಲ್ಲ. ಗಂಡನ ಎದುರು ಕೂತು ಒಂದು ಮಾತನ್ನು ಶುರುಮಾಡಿ, ಗಡಿಯಾರ ನೋಡದೆ ಮುಗಿಸಬೇಕಿತ್ತು. ಅಷ್ಟೇ ನನ್ನ ಬಯಕೆ. ಅವರು ಹೂಂ ಎಂದರು. ನಾನು ಹೊಸ ಹತ್ತಿಯ ಉಡುಪು, ದೊಡ್ಡ ಟೊಪ್ಪಿಗೆ ಎಲ್ಲ ಕೊಂಡೆ.

ಯುಗಾದಿ ಊಟ ಮುಗಿದ ಮರುವಾರ ನನ್ನ ಫೋನಿನಲ್ಲಿ ಹೊಸ ವಾಟ್ಸಾಪ್ ಗ್ರೂಪೊಂದು ಹುಟ್ಟಿಕೊಂಡಿತು. ಹೆಸರು ಗ್ರೀಸ್ ಟ್ರಿಪ್. ಅದರಲ್ಲಿ ನಮ್ಮ ಜೊತೆ ಜಾರ್ಜ್‌ಟೌನಿನ ಅಕ್ಕ ಮತ್ತು ಅವರ ಯಜಮಾನರಿದ್ದರು. ಬೆಳಗಾವಿ ಕಡೆಯವರು, ನಮ್ಮ ಮಂದಿಗೆಲ್ಲ ಅಕ್ಕ, ಎಲ್ಲ ಊಟ, ಎಲ್ಲ ಪಿಕ್ನಿಕ್ಕು ಅವರದೇ ಉಸ್ತುವಾರಿ. ಮತ್ತೆ ಮೈಸೂರಿನ ಡಾಕ್ಟರು, ಅವರ ಹೆಂಡತಿ. ನಾವೆಲ್ಲ ಹುಟ್ಟುವ ಹೊತ್ತಿಗೇ ಕೆನಡಾ ಸೇರಿ, ಈಗ ನಿವೃತ್ತರಾದವರು. ನಾನು ಫೋನು ಹಿಡಿದು ಗಂಡನ ಮುಂದೆ ನಿಂತೆ. ಅವರು ತಟ್ಟೆಯಿಂದ ಕಣ್ಣೆತ್ತದೆ, "ಬರ್ತಾರಂತ. ಬರಲಿ ಬಿಡು. ಮಂದಿ ಇದ್ರ ಚಲೋ," ಎಂದರು. ಜಾರ್ಜ್‌ಟೌನ್ ಅಕ್ಕನಿಗೆ ವಾಸನೆ ಹತ್ತಿರಬೇಕು ಎಂದು ಮನಸ್ಸಿನಲ್ಲೇ ಅವರ ಏಳು ತಲೆಮಾರನ್ನು ಬಯ್ದೆ. ಬಾಯಿ ತೆರೆದು ಬೇಡ ಎನ್ನಲು ಆಗುತ್ತದೆಯೇ? ನಮ್ಮ ಮಂದಿಯಲ್ಲಿ ಹಾಗೆ ಅಂದವರನ್ನು ಮುಂದಿನ ಯುಗಾದಿಗೆ ಯಾರೂ ಮಾತಾಡಿಸುವುದಿಲ್ಲ.

ಬುಕ್ಕಿಂಗನ್ನೂ ಅಕ್ಕನೇ ಬದಲಿಸಿದರು. ನಮ್ಮ ಸಮುದ್ರದ ಕಡೆಯ ಕೋಣೆ ಹೋಗಿ, ಅಡುಗೆಮನೆಯಿರುವ ಎರಡು ದೊಡ್ಡ ಅಪಾರ್ಟ್‌ಮೆಂಟು ಬಂದವು. ಡಾಕ್ಟರ ಹೆಂಡತಿಗೆ ಮೊಣಕಾಲು ನೋವು, ಅವರಿಗೆ ನೆಲಮಹಡಿಯದೇ ಬೇಕು, ಜೊತೆಗೆ ಹೆಂಗಸರೂ ಇರಬೇಕು. ಹೀಗಾಗಿ ಕೆಳಗಿನದು ಹೆಂಗಸರ ಮನೆಯಾಯಿತು, ಮೇಲಿನದು ಗಂಡಸರ ಮನೆಯಾಯಿತು. ಮದುವೆಯ ಬೆಳ್ಳಿಹಬ್ಬಕ್ಕೆಂದು ಹೋದ ನಾನು ಡಾಕ್ಟರ ಹೆಂಡತಿಯ ಪಕ್ಕದ ಹಾಸಿಗೆಯಲ್ಲಿ ಮಲಗಿದೆ.

ರಿಸಾರ್ಟಿನಲ್ಲಿ ಎಲ್ಲಿ ನೋಡಿದರೂ ಜೋಡಿಗಳೇ. ಬೆಳಿಗ್ಗೆಯಿಂದಲೇ ದಂಡೆಯ ಬಾರಿನಲ್ಲಿ ಡೋಲು ಬಡಿದಂತೆ ಹಾಡು. ಮುದುಕ ಮುದುಕಿಯರು ಕೂಡ ಕೈ ಕೈ ಹಿಡಿದು, ಹೆಗಲ ಮೇಲೆ ಕೈ ಹಾಕಿ ಸಾಲಾಗಿ ಕುಣಿಯುತ್ತಿದ್ದರು. ನಾವೋ ತಿಂಡಿಯಾಗುವವರೆಗೆ ಮನೆ ಬಿಡುವಂತಿಲ್ಲ. ಒಬ್ಬರ ಸ್ನಾನ ಆಗಿಲ್ಲ, ಇನ್ನೊಬ್ಬರ ಚಹಾ ಆಗಿಲ್ಲ. ಅಕ್ಕ ಒಂದು ಸೂಟ್‌ಕೇಸಿನ ತುಂಬ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಅವಲಕ್ಕಿ ತಂದಿದ್ದರು. ದಂಡೆಗೆ ಹೋದ ಮೇಲೂ ಬೇಸ್‌ಮೆಂಟಿನ ಪದ್ಧತಿಯೇ. ಅಲ್ಲಿ ಗಂಡಸರು ಟೀವಿಯ ಮುಂದೆ, ಹೆಂಗಸರು ಅಡುಗೆಮನೆಯಲ್ಲಿ. ಇಲ್ಲಿ ಮೂವರು ಗಂಡಸರಿಗೆ ಒಂದು ಛತ್ರಿ, ಮೂವರು ಹೆಂಗಸರಿಗೆ ಇನ್ನೊಂದು. ಹೀಗೆ ಕೂರಿ ಎಂದು ಯಾರೂ ಹೇಳಲಿಲ್ಲ. ಕಾಲುಗಳೇ ಹೋಗಿ ಕೂತವು. ಆ ಛತ್ರಿಯಡಿ ಇಸ್ಪೀಟು, ಈ ಛತ್ರಿಯಡಿ ಯಾರ ಮಗನಿಗೆ ಯಾವ ಹುಡುಗಿ ಎಂಬ ವಿಚಾರ. ಪಾಪಿ ಸಮುದ್ರಕ್ಕೆ ಹೋದರೂ ಮೊಣಕಾಲುದ್ದ ನೀರು ಅಂತಾರಲ್ಲ, ನನಗೆ ಅಷ್ಟೂ ಸಿಗಲಿಲ್ಲ.

ಮಗಳಿಗೆ ಫೋಟೊ ಕಳಿಸಿದೆ. ಕೂಡಲೇ ಫೋನು ಮಾಡಿದಳು. "ಅಮ್ಮಾ, ದಿಸ್ ಇಸ್ ನಾಟ್ ಎ ವೆಕೇಶನ್. ದಿಸ್ ಇಸ್ ಎ ಪಾಟ್‌ಲಕ್." ಎಲ್ಲರೂ ಒಂದೊಂದು ಅಡುಗೆ ತಂದು ಕೂಡಿ ಉಣ್ಣುವ ನಮ್ಮ ಬೇಸ್‌ಮೆಂಟಿನ ಊಟಕ್ಕೆ ಅವಳು ಹಾಗೆನ್ನುವುದು. ನನಗೆ ನಗು ಬರಲಿಲ್ಲ.

ಒಂದು ಬೆಳಿಗ್ಗೆ ಗಂಡನಿಗೆ ಗುಟ್ಟಾಗಿ, ದಂಡೆಗುಂಟ ಅಡ್ಡಾಡಲು ಹೋಗೋಣ ಎಂದೆ. ಹೊಸ ಉಡುಪು ಹಾಕಿಕೊಂಡು ಹೊರಗೆ ಬಂದರೆ ಅವರ ಜೊತೆ ಅಕ್ಕನ ಯಜಮಾನರೂ ಡಾಕ್ಟರೂ ಬೂಟು ಬಿಗಿದು ನಿಂತಿದ್ದರು. "ವಾಕಿಂಗ್ ಒಳ್ಳೇದಮ್ಮ, ಶುಗರ್ ಕಂಟ್ರೋಲಿಗೆ ಬರುತ್ತೆ," ಎಂದರು ಡಾಕ್ಟರು. ಗಂಡಸರು ಮೂವರೂ ಮುಂದೆ, ನಾನು ಟೊಪ್ಪಿಗೆ ಹಿಡಿದುಕೊಂಡು ಹಿಂದೆ. ಇನ್ನೊಂದು ದಿನ ಕಾಲಿನಿಂದ ತುಳಿಯುವ ಸಣ್ಣ ದೋಣಿಯೊಂದನ್ನು ನಾನೇ ಬಾಡಿಗೆಗೆ ತೆಗೆದುಕೊಂಡೆ. ಗಂಡ ಹತ್ತಿ ಕೂತರು, ನಾನೂ ಕೂತೆ. ಅಷ್ಟರಲ್ಲಿ ಶಿವಪೂಜೆಯಲ್ಲಿ ಕರಡಿ ಬಿಟ್ಟಂತೆ ಅಕ್ಕ ನೀರಿಗಿಳಿದು ಬಂದರು. "ಹಿಂದ ಎರಡು ಸೀಟ್ ಖಾಲಿ ಅದಾವಲ್ಲ, ನಾವೂ ಬರ್ತೀವಿ ತಡೀರಿ," ಎಂದು ಯಜಮಾನರನ್ನೂ ಕರೆದರು. ನನ್ನ ಗಂಡ ಕೈ ಕೊಟ್ಟು ಅವರನ್ನು ಹತ್ತಿಸಿಕೊಂಡರು. ಗಂಡನ ಮುಖದಲ್ಲಿ ಎಂಥದೋ ನಿರಾಳವಿತ್ತು. ನನಗೆ ಕೋಪ ನೆತ್ತಿಗೇರಿತ್ತು, ಅದನ್ನು ಸರಿಯಾಗಿ ಗಮನಿಸಲಿಲ್ಲ.

ಹೊರಡುವ ಹಿಂದಿನ ದಿನ ನಾನು ನಾಚಿಕೆ ಬಿಟ್ಟೆ. ಗಂಡಸರ ಛತ್ರಿಯ ಕೆಳಗೆ ಹೋಗಿ, ಇಸ್ಪೀಟು ಹಿಡಿದ ಇಬ್ಬರೂ ಕೇಳುವಂತೆ, "ಇವತ್ತ ಮಧ್ಯಾಹ್ನ ನಾವಿಬ್ರೂ ಹೊರಗ ಊಟ ಮಾಡ್ತೀವಿ. ಏಳ್ರಿ," ಎಂದೆ. ಇವರು ಎಲೆಗಳನ್ನು ಮಗುಚಿಟ್ಟು ಚಪ್ಪಲಿ ಹುಡುಕಿದರು.

ಹಿಂದಿನ ಓಣಿಯಲ್ಲಿ ದ್ರಾಕ್ಷಿ ಚಪ್ಪರದ ಕೆಳಗೆ ನಾಲ್ಕೈದು ಮೇಜುಗಳ ಒಂದು ಖಾನಾವಳಿ ಇತ್ತು. ಡೋಲಿನ ಸದ್ದು ಅಲ್ಲಿಗೆ ಅಷ್ಟಾಗಿ ಬರುತ್ತಿರಲಿಲ್ಲ. ಎದುರುಬದುರು ಕೂತೆವು. ಬದನೆಕಾಯಿ, ಬಿಳಿ ಕಾಳಿನ ಪಲ್ಯ, ಬ್ರೆಡ್ಡು ಬಂದವು. ಪಲ್ಯಕ್ಕೆ ಖಾರ ಕಡಿಮೆ ಎಂದರು. ಹೌದು ಎಂದೆ. ವಾಪಸು ಹೋದ ಮೇಲೆ ಶಿಫ್ಟು ಬದಲಾಗಬಹುದು ಎಂದರು. ಆಗಲಿ ಎಂದೆ. ಆಮೇಲೆ ಇಬ್ಬರೂ ಬ್ರೆಡ್ಡು ಮುರಿದೆವು. ಅವರು ಫೋನು ತೆಗೆದು ನೋಡಿ, ನನ್ನ ಮುಖ ಕಂಡು ಮತ್ತೆ ಜೇಬಿಗೆ ಹಾಕಿದರು.

ಸುಮ್ಮನೆ ಕೂರಲಾರದೆ ನಾನು ಅಕ್ಕನ ಮೇಲೆ ಶುರುಮಾಡಿದೆ. ಕರೆಯದೆ ಬಂದವರು, ನಮ್ಮ ವಾರವನ್ನೆಲ್ಲ ತಿಂದುಹಾಕಿದರು ಎಂದೆ. ಇವರು ಕೇಳುವಷ್ಟು ಕೇಳಿ ನೀರು ಕುಡಿದರು.

"ಅವರದೇನ್ ತಪ್ಪಿಲ್ಲ. ಅವರನ್ನ ಕರದಾಂವ ನಾನ."

"ನೀವಾ?"

"ಹೂಂ. ಡಾಕ್ಟರನ್ನೂ ನಾನ ಕರದೆ."

"ಯಾಕ?"

ಅವರು ಮೇಜಿನ ಮೇಲಿನ ಬ್ರೆಡ್ಡಿನ ಪುಡಿಯನ್ನು ಬೆರಳಿನಿಂದ ಒಟ್ಟುಮಾಡಿದರು. "ಒಂದ್ ವಾರ ನಾವಿಬ್ರ ಅಂದಿ. ಫೋನಿನ್ಯಾಗಾದ್ರ ಹಾಲು, ಫೀ ಅಂತ ಏನರೆ ಇರ್ತದ. ಎದುರಿಗೆ ಕುಂತು ನಿನ್ನ ಕೂಡ ಏನ್ ಮಾತಾಡೂದು ಅಂತ ನನಗ ಹೆದರಿಕಿ ಆತು."

ನನಗೆ ಬಂದ ಸಿಟ್ಟಿಗೆ ಆ ತಟ್ಟೆಯನ್ನು ಓಣಿಗೆ ಎಸೆಯಬಹುದಿತ್ತು. ಹಾಗಾದರೆ ಈಗ ಮಾತಾಡಿ, ಕೂತಿದ್ದೇನಲ್ಲ, ಎನ್ನಲು ಬಾಯಿ ತೆರೆದೆ. ಅವರು ನನ್ನನ್ನೇ ನೋಡುತ್ತ ಕಾಯುತ್ತಿದ್ದರು, ಪಾಪ, ನಿಜವಾಗಿಯೂ ಕಾಯುತ್ತಿದ್ದರು. ಇಷ್ಟು ತಿಂಗಳಿಂದ ಆಡಬೇಕೆಂದುಕೊಂಡಿದ್ದ ಮಾತು ಯಾವುದೆಂದು ಹುಡುಕಿದೆ. ಮಕ್ಕಳ ಮಾತು ಬಂತು, ಅದು ಫೋನಿನಲ್ಲಿ ಆಗಿತ್ತು. ಮನೆಯ ಸಾಲದ ಮಾತು ಬಂತು, ಅದೂ ಆಗಿತ್ತು. ಎದುರು ಕೂರುವುದರವರೆಗೆ ಮಾತ್ರ ನಾನು ಯೋಚಿಸಿದ್ದೆ. ಕೂತ ಮೇಲಿನದನ್ನು ಯೋಚಿಸಿರಲಿಲ್ಲ.

ಅಷ್ಟರಲ್ಲಿ ಓಣಿಯ ತುದಿಯಲ್ಲಿ ಜಾರ್ಜ್‌ಟೌನ್ ಅಕ್ಕ ಕಂಡರು. ಅಂಗಡಿಯೊಂದರ ಮುಂದೆ ಮೊಮ್ಮಕ್ಕಳಿಗೆ ಟೀ ಶರ್ಟು ಎತ್ತಿ ಅಳತೆ ನೋಡುತ್ತಿದ್ದರು. ನಮ್ಮನ್ನು ನೋಡಿರಲಿಲ್ಲ. ಶರ್ಟು ಮಡಚಿಟ್ಟು ಇನ್ನೇನು ಆ ಕಡೆ ತಿರುಗಿ ಹೋಗುವವರಿದ್ದರು.

"ಅಕ್ಕಾ, ಇಲ್ಲೆ ಅದೀವಿ ಬರ್ರಿ," ಎಂದು ಕೈಯೆತ್ತಿ ಕರೆದವಳು ನಾನು.